ಅಜ್ಜನ ಫೋಟೋಗೆ ಇವತ್ತಿನ ಕೋಟೆ ಕೂಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜ 1960ರ ದಶಕದಲ್ಲಿ ವಿಜಯಪುರಕ್ಕೆ ಹೋಗಿದ್ದಾಗ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದರು. ಕಪ್ಪು-ಬಿಳುಪು, ಚೌಕ ಆಕಾರ. ಅಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ಅಪ್ಪ ಹೇಳುತ್ತಾರೆ. ಹಿಂದೆ ದೂರದಲ್ಲಿ ಉಪಲಿ ಬುರುಜು ಕಾಣುತ್ತದೆ. ಕಳೆದ ತಿಂಗಳು ನಾನೂ ಹೋಗಿ ಮೊಬೈಲ್‌ನಲ್ಲಿ ಅದೇ ದೃಶ್ಯ ತೆಗೆದೆ. ಅಜ್ಜ ಇವತ್ತಿನ ಬಣ್ಣದ ಫೋಟೋದಲ್ಲಿ ನಿಂತ ಹಾಗೆ ಎರಡನ್ನೂ ಬೆರೆಸಬೇಕು ಅಂತ ಆಸೆ. ಆದರೆ ಬುರುಜು ಕೂಡಿದರೆ ತೋಪು ಕೂಡುವುದಿಲ್ಲ, ತೋಪು ಕೂಡಿದರೆ ಬುರುಜು ಎಲ್ಲೋ ಹೋಗುತ್ತದೆ. ಮೂರು ಆಪ್ ಬದಲಾಯಿಸಿ ನೋಡಿದೆ. ಯಾವ ಸಾಫ್ಟ್‌ವೇರ್ ಒಳ್ಳೆಯದು? ಇಂಟರ್ನೆಟ್‌ನಲ್ಲಿ ಸಿಗುವ ಬ್ರಿಟಿಷರ ಕಾಲದ ಫೋಟೋಗಳನ್ನೂ ಹೀಗೆ ಬಳಸಬಹುದೇ? ಕಿತ್ತೂರು, ತಾಳಿಕೋಟೆ ಯುದ್ಧಭೂಮಿಗಳಲ್ಲೂ ಇಂಥದ್ದೇ ಮಾಡಬೇಕು ಅಂದುಕೊಂಡಿದ್ದೇನೆ.
(ಬೈಲಹೊಂಗಲದ ಓದುಗರು)

ಉತ್ತರ: ಆಪ್ ಬದಲಾಯಿಸುವುದು ನಿಲ್ಲಿಸಿ. ನೀವು ಬದಲಾಯಿಸಬೇಕಾದದ್ದು ನಿಂತ ಜಾಗ.

ಹತ್ತಿರದ್ದು ಕೂಡಿದರೆ ದೂರದ್ದು ಕೂಡುವುದಿಲ್ಲ ಅಂತ ಬರೆದಿದ್ದೀರಿ. ಅಂದ್ರೆ ಹಳೇ ಕ್ಯಾಮೆರಾ ಇದ್ದ ಜಾಗ ಒಂದು, ನಿಮ್ಮ ಮೊಬೈಲ್ ಇದ್ದ ಜಾಗ ಇನ್ನೊಂದು. ಬಸ್ಸಿನ ಕಿಟಕಿಯಲ್ಲಿ ಕೂತಾಗ ರಸ್ತೆ ಪಕ್ಕದ ಬೇವಿನ ಮರಗಳು ಓಡುತ್ತವೆ, ದೂರದ ಗುಡ್ಡ ನಿಂತೇ ಇರುತ್ತದೆ ಅಲ್ವಾ? ಇಲ್ಲೂ ಅದೇ ಆಗಿರೋದು. ಲೆಕ್ಕ ಹಾಕಿ ನೋಡಿ. ತೋಪು ನಿಮ್ಮಿಂದ 3 ಮೀಟರ್ ದೂರ, ಹಿಂದಿನ ಕಟ್ಟಡ 300 ಮೀಟರ್ ದೂರ ಅಂತಿಟ್ಟುಕೊಳ್ಳಿ. ನೀವು ಪಕ್ಕಕ್ಕೆ ಬರೀ 30 ಸೆಂಟಿಮೀಟರ್ ಸರಿದರೆ ತೋಪು ಸುಮಾರು 6 ಡಿಗ್ರಿ ಸರಿಯುತ್ತದೆ. ಮೊಬೈಲ್ ಫೋಟೋದಲ್ಲಿ ಇದು ಇಡೀ ಅಗಲದ ಸುಮಾರು ಹನ್ನೆರಡನೇ ಒಂದು ಪಾಲು. ಹಿಂದಿನ ಕಟ್ಟಡ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟೂ ಸರಿಯುವುದಿಲ್ಲ. ಈ ವ್ಯತ್ಯಾಸವನ್ನು ಯಾವ ಸಾಫ್ಟ್‌ವೇರೂ ನ್ಯಾಯವಾಗಿ ಸರಿಪಡಿಸಲಾರದು. ಎಳೆದು, ಹಿಂಜಿ, ಬಗ್ಗಿಸಿ ಕೂಡಿಸಬಹುದು. ಹಾಗೆ ಮಾಡಿದರೆ ನೋಡಿದ ಕೂಡಲೇ ಕಣ್ಣಿಗೆ ಏನೋ ತಪ್ಪು ಅನ್ನಿಸುತ್ತದೆ.

ಹಾಗಾಗಿ ಇನ್ನೊಮ್ಮೆ ಹೋಗಬೇಕು. ಬೈಲಹೊಂಗಲದಿಂದ ದೂರವೇ, ಒಪ್ಪುತ್ತೇನೆ. ಆದರೆ ಈ ಸಲ ತಯಾರಿ ಮಾಡಿಕೊಂಡು ಹೋದರೆ ಕೆಲಸ ಒಂದೇ ಬೆಳಿಗ್ಗೆಯಲ್ಲಿ ಮುಗಿಯಬಹುದು.

ಮೊದಲು ಮನೆಯಲ್ಲೇ ಹಳೇ ಫೋಟೋವನ್ನು ಸರಿಯಾಗಿ ಸ್ಕ್ಯಾನ್ ಮಾಡಿಸಿ. ಮೊಬೈಲ್‌ನಿಂದ ಫೋಟೋದ ಫೋಟೋ ತೆಗೆಯಬೇಡಿ. ಸ್ವಲ್ಪ ಓರೆಯಾದರೂ ಚೌಕ ಕೆಡುತ್ತದೆ, ಮುಂದಿನ ಅಳತೆ ಎಲ್ಲ ತಪ್ಪುತ್ತದೆ. ಗಾಜಿನ ಮೇಲಿಟ್ಟು ಮಾಡುವ ಸ್ಕ್ಯಾನರ್ ಸಾಕು, 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಕಡಿಮೆ ಬೇಡ. ಫೋಟೋ ಸುರುಳಿ ಸುತ್ತಿಕೊಂಡಿದ್ದರೆ ಕೆಲವು ದಿನ ದಪ್ಪ ಪುಸ್ತಕಗಳ ನಡುವೆ ಇಡಿ. ಟ್ರಂಕಿನಲ್ಲಿ ನೆಗೆಟಿವ್ ಏನಾದರೂ ಉಳಿದಿದೆಯಾ ಅಂತ ಅಪ್ಪನನ್ನು ಕೇಳಿ. ಸಿಕ್ಕರೆ ಪ್ರಿಂಟಿಗಿಂತ ಎಷ್ಟೋ ಮೇಲು. ಪ್ರಿಂಟ್ ಹಾಕುವಾಗ ಸ್ಟುಡಿಯೋದವರು ಅಂಚು ಕತ್ತರಿಸಿರುತ್ತಾರೆ, ನೆಗೆಟಿವ್‌ನಲ್ಲಿ ಇಡೀ ದೃಶ್ಯ ಇರುತ್ತದೆ.

ಆಮೇಲೆ ಸ್ಕ್ಯಾನನ್ನು ದೊಡ್ಡದು ಮಾಡಿ ನೋಡುತ್ತ ಕೂರಿ. ಹುಡುಕಬೇಕಾದದ್ದು ಜೋಡಿಗಳನ್ನು. ಹತ್ತಿರದ ಒಂದು ಅಂಚು, ಅದಕ್ಕೆ ತಾಗಿದ ಹಾಗೆ ಕಾಣುವ ದೂರದ ಒಂದು ಅಂಚು. ಉಪಲಿ ಬುರುಜಿನ ಎಡ ಅಂಚು ಕೆಳಗೆ ಬಂದು ಕೈಪಿಡಿ ಗೋಡೆಯ ಯಾವ ಕಲ್ಲಿನ ಸಂದಿಗೆ ಸೇರುತ್ತದೆ? ಅದರ ನೆತ್ತಿ ಹತ್ತಿರದ ಯಾವ ಕಲ್ಲಿನ ಎತ್ತರಕ್ಕಿದೆ? ಇಂಥ ಜೋಡಿ ಎಡಕ್ಕೊಂದು, ಬಲಕ್ಕೊಂದು ಸಿಕ್ಕರೆ ಸಾಕು. ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಜೋಡಿಗಳ ಮೇಲೆ ಕೆಂಪು ಗೆರೆ ಎಳೆದು ಕೈಯಲ್ಲಿ ಹಿಡಿದುಕೊಂಡು ಹೋಗಿ. ಬಿಸಿಲಿನಲ್ಲಿ ಮೊಬೈಲ್ ಪರದೆ ಕಾಣುವುದಿಲ್ಲ, ಕಾಗದ ಕಾಣುತ್ತದೆ.

ಅಲ್ಲಿ ನಿಂತ ಮೇಲೆ ನೆನಪಿಡಬೇಕಾದದ್ದು ಇಷ್ಟೇ: ದೂರದ ವಸ್ತು ನಿಮ್ಮ ಜೊತೆಗೇ ಬರುತ್ತದೆ. ಬುರುಜು ಹಳೇ ಫೋಟೋದಲ್ಲಿ ಇರುವುದಕ್ಕಿಂತ ಬಲಕ್ಕೆ ಸರಿದು ಕಂಡರೆ ನೀವು ಜಾಸ್ತಿ ಬಲಕ್ಕೆ ಬಂದಿದ್ದೀರಿ, ಎಡಕ್ಕೆ ಹೋಗಿ. ಹತ್ತಿರದ ಗೋಡೆಯ ಮೇಲೆ ಅದು ಜಾಸ್ತಿ ಎತ್ತರಕ್ಕೆ ಎದ್ದು ಕಂಡರೆ ಕ್ಯಾಮೆರಾ ಎತ್ತರವಾಯಿತು, ಇಳಿಸಿ. ಇನ್ನು ಹಿಂದೆ-ಮುಂದೆ ಸರಿಯುವುದಕ್ಕೆ ಅಳತೆಪಟ್ಟಿ ಬೇಕು. ಹಳೇ ಫೋಟೋದಲ್ಲಿ ಹತ್ತಿರದ ಒಂದು ಕಲ್ಲಿನ ಅಗಲ ದೂರದ ಬುರುಜಿನ ಅಗಲದ ಎಷ್ಟು ಪಟ್ಟು ಅಂತ ಲೆಕ್ಕ ಮಾಡಿಟ್ಟುಕೊಳ್ಳಿ. ಹಳೆಯದರಲ್ಲಿ ಮೂರು ಪಟ್ಟು ಇದ್ದು ನಿಮ್ಮದರಲ್ಲಿ ಮೂರೂವರೆ ಬಂದರೆ ನೀವು ತೀರಾ ಹತ್ತಿರ ನಿಂತಿದ್ದೀರಿ, ಹಿಂದಕ್ಕೆ ಸರಿಯಿರಿ. ಇದನ್ನು ಝೂಮ್ ಮಾಡಿ ಸರಿಪಡಿಸಲು ಬರುವುದಿಲ್ಲ. ಝೂಮ್ ಎರಡನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ, ಅವುಗಳ ನಡುವಿನ ಲೆಕ್ಕ ಹಾಗೇ ಉಳಿಯುತ್ತದೆ. ಅದನ್ನು ಬದಲಾಯಿಸಲು ನಿಮ್ಮ ಕಾಲೇ ನಡೆಯಬೇಕು.

ಎತ್ತರದ ಬಗ್ಗೆ ಇನ್ನೊಂದು ಮಾತು. ಜನ ಇದನ್ನು ಯೋಚಿಸುವುದೇ ಇಲ್ಲ. ಬಯಲು ಸೀಮೆಯ ಫೋಟೋದಲ್ಲಿ ಭೂಮಿ-ಆಕಾಶ ಸೇರುವ ಗೆರೆ ಕಂಡರೆ, ಅದು ಯಾವಾಗಲೂ ಕ್ಯಾಮೆರಾದ ಎತ್ತರಕ್ಕೇ ಇರುತ್ತದೆ. ಆ ಗೆರೆ ಅಜ್ಜನ ಕಣ್ಣಿನ ಮಟ್ಟಕ್ಕೆ ಹಾದುಹೋದರೆ ಫೋಟೋ ತೆಗೆದವರು ಕ್ಯಾಮೆರಾವನ್ನು ಅಜ್ಜನ ಕಣ್ಣಿನ ಎತ್ತರಕ್ಕೆ ಹಿಡಿದಿದ್ದರು. ಎದೆಯ ಕೆಳಗೆ ಹಾದುಹೋದರೆ ಕ್ಯಾಮೆರಾ ಅಷ್ಟು ಕೆಳಗಿತ್ತು. ಅಗ್ಫಾ ಕ್ಲಿಕ್ ಕಣ್ಣಿಗೆ ಹಿಡಿದು ತೆಗೆಯುವ ಕ್ಯಾಮೆರಾ. ಆದರೆ ಆ ಕಾಲದಲ್ಲಿ ಹೊಟ್ಟೆಯ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡಿ ತೆಗೆಯುವ ಯಾಶಿಕಾದಂಥ ಕ್ಯಾಮೆರಾಗಳೂ ಇದ್ದವು, ಅವುಗಳ ಫೋಟೋನೂ ಚೌಕವೇ. ಹಾಗಾಗಿ ಅಪ್ಪನ ಮಾತನ್ನು ಈ ಗೆರೆ ಇಟ್ಟು ಒಮ್ಮೆ ಪರೀಕ್ಷೆ ಮಾಡಿ. ನಿಮ್ಮ ಫೋಟೋ ಊರಿನ ಕಡೆ ನೋಡುವುದರಿಂದ ಮನೆ-ಮರ ಅಡ್ಡ ಬಂದು ಗೆರೆ ಕಾಣದೇ ಹೋಗಬಹುದು. ಆಗ ಒಂದೇ ಗೋಡೆಯ ಮೇಲಂಚು, ಕೆಳಂಚುಗಳನ್ನು ಪೆನ್ಸಿಲ್ಲಿನಿಂದ ಮುಂದುವರಿಸಿ ಎಳೆಯಿರಿ. ಅವು ಸೇರುವ ಬಿಂದು ಅದೇ ಮಟ್ಟದಲ್ಲಿರುತ್ತದೆ.

ಕ್ಯಾಮೆರಾ ಕ್ಲಿಕ್ ಅಂತ ಖಾತ್ರಿಯಾದರೆ ಝೂಮ್ ಲೆಕ್ಕ ಸುಲಭ. ಅದರದ್ದು 6×6 ಸೆಂಟಿಮೀಟರ್ ಚೌಕ ಫಿಲ್ಮು, ಲೆನ್ಸ್ ಸುಮಾರು 72 ಮಿಲಿಮೀಟರ್. ಒಂದು ಬದಿಯಿಂದ ಇನ್ನೊಂದು ಬದಿಗೆ 42 ಡಿಗ್ರಿಯಷ್ಟು ನೋಟ ಹಿಡಿಯುತ್ತದೆ. ಇವತ್ತಿನ ಮೊಬೈಲ್‌ನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 70 ಡಿಗ್ರಿ ಹತ್ತಿರ ಹಿಡಿಯುತ್ತದೆ. ಅಂದ್ರೆ ಸುಮಾರು 1.8 ಪಟ್ಟು ಝೂಮ್ ಮಾಡಿದರೆ ಹೆಚ್ಚುಕಡಿಮೆ ಅದೇ ಚೌಕಟ್ಟು ಸಿಗುತ್ತದೆ. ಸ್ವಲ್ಪ ಸಡಿಲವಾಗಿ 1.5ಕ್ಕೇ ತೆಗೆದು ಆಮೇಲೆ ಕತ್ತರಿಸುವುದು ಕ್ಷೇಮ. 0.5 ಅಂತ ಬರುವ ಅಗಲದ ಲೆನ್ಸ್ ಮಾತ್ರ ಮುಟ್ಟಲೇಬೇಡಿ, ಅಂಚುಗಳನ್ನು ಎಳೆದುಬಿಡುತ್ತದೆ.

ಇನ್ನು ಯಾವುದನ್ನು ನಂಬಿ ಹೊಂದಿಸಬೇಕು? ಒಂದಂತೂ ಹೇಳುತ್ತೇನೆ, ತೋಪನ್ನು ನಂಬಬೇಡಿ. ಸರಿಯಲು ಸಾಧ್ಯವಿರುವ ಯಾವ ವಸ್ತುವನ್ನೂ ಗುರುತಾಗಿ ಇಟ್ಟುಕೊಳ್ಳಬಾರದು. 55 ಟನ್ ತೂಗುತ್ತದೆ ಅನ್ನುವ ತೋಪು ಸರಿಯುತ್ತದಾ ಅಂತ ಕೇಳಬಹುದು. ಅದರ ಕಥೆ ಕೇಳಿ. ಎರಕ ಹೊಯ್ದದ್ದು 1549ರಲ್ಲಿ ಅಹ್ಮದನಗರದಲ್ಲಿ, ಮಹಮ್ಮದ್ ಬಿನ್ ಹಸನ್ ರೂಮಿ ಎಂಬಾತ. 1565ರ ತಾಳಿಕೋಟೆ ಕದನದಲ್ಲಿ ಇದೂ ಗುಡುಗಿತ್ತು ಅಂತ ಹೇಳುತ್ತಾರೆ. ಆಮೇಲೆ ಪರಾಂಡಾ ಕೋಟೆಯಲ್ಲಿತ್ತು. 1632ರಲ್ಲಿ ವಿಜಯಪುರಕ್ಕೆ ಬಂತು. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ತನ್ನ ಗೆಲುವನ್ನು ಇದರ ಮೈಮೇಲೇ ಕೊರೆಸಿದ. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ಗುಜರಿ ಸಾಮಾನಿನ ಲೆಕ್ಕದಲ್ಲಿ ಹರಾಜಿಗೆ ಇಟ್ಟರು. ಬಂದ ದೊಡ್ಡ ಬೇಡಿಕೆ 150 ರೂಪಾಯಿ! ಅಷ್ಟು ಕಡಿಮೆಗೆ ಕೊಡುವುದು ಬೇಡ ಅಂತ ಉಳಿಸಿಕೊಂಡರು. ಇಷ್ಟೆಲ್ಲ ಓಡಾಡಿದ ತೋಪು, ತಾನಿರುವ ಶೇರ್ಜಾ ಬುರುಜಿನ ಮೇಲೂ ಒಂದಷ್ಟು ತಿರುಗಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಬುರುಜಿನ ಕಲ್ಲುಕಟ್ಟಡಕ್ಕೆ ಹೊಂದಿಸಿ. ಅದರಲ್ಲೂ ಕೆಳಗಿನ ಸಾಲಿನ ದೊಡ್ಡ ಕಲ್ಲುಗಳಿಗೆ. ಮೇಲಿನ ತೆನೆಗಳು ಬಿದ್ದಿರಬಹುದು, ರಿಪೇರಿಯಾಗಿರಬಹುದು. ಕಬ್ಬಿಣದ ಬೇಲಿ, ಬೋರ್ಡು, ಹಾಸುಗಲ್ಲು ಇವೆಲ್ಲ ನಿನ್ನೆ-ಮೊನ್ನೆಯವು. ಕಲ್ಲು ಹೊಂದಿದ ಮೇಲೂ ತೋಪು ಹೊಂದದಿದ್ದರೆ ಬಿಟ್ಟುಬಿಡಿ, ನಿಮ್ಮ ಫೋಟೋ ಸರಿಯಾಗೇ ಇದೆ. ತೋಪು ತಿರುಗಿದೆ ಅನ್ನುವುದೂ ಒಂದು ಸುದ್ದಿಯೇ.

ಬ್ರಿಟಿಷರ ಕಾಲದ ಫೋಟೋಗಳ ಬಗ್ಗೆ ಕೇಳಿದ್ದೀರಿ. ಖಂಡಿತ ಬಳಸಬಹುದು, ನನಗೆ ಅವೇ ಜಾಸ್ತಿ ಇಷ್ಟ. ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿ 1855ರಲ್ಲಿ ಮುಂಬಯಿ ಸರ್ಕಾರದ ಪರವಾಗಿ ವಿಜಯಪುರ, ಬಾದಾಮಿ, ಐಹೊಳೆಯ ಕಡೆ ಓಡಾಡಿ ಕಟ್ಟಡಗಳ ಫೋಟೋ ತೆಗೆದ. ತೋಪಿನ ಹರಾಜು ನಡೆದ ಮರುವರ್ಷವೇ! ಸೈನ್ಯ ಅವನನ್ನು ವಾಪಸ್ ಕರೆಸಿಕೊಂಡ ಮೇಲೆ ಡಾಕ್ಟರ್ ಪಿಗೌ ಎಂಬುವವರು ಆ ಕೆಲಸ ಮುಂದುವರಿಸಿದರು. ಬಿಗ್ಸ್‌ನ ವಿಜಯಪುರದ ಫೋಟೋಗಳು 1866ರಲ್ಲಿ ದೊಡ್ಡ ಪುಸ್ತಕದಲ್ಲಿ ಅಚ್ಚಾದವು. ಆಮೇಲೆ 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪುರಾತತ್ವ ಸಮೀಕ್ಷೆ ಮಾಡಿದರು. ಇವತ್ತಿನ ಬಾಗಲಕೋಟೆ, ವಿಜಯಪುರ ಎರಡೂ ಆಗ ಆ ಕಲಾದಗಿ ಜಿಲ್ಲೆಯಲ್ಲೇ ಇದ್ದವು. ಮುಂದೆ ಹೆನ್ರಿ ಕಸಿನ್ಸ್ ವಿಜಯಪುರದ ಮೂಲೆಮೂಲೆ ಅಳೆದರು.

ಈ ಹಳೇ ಫೋಟೋಗಳ ಸ್ವಭಾವವೇ ಬೇರೆ. ಬಿಗ್ಸ್ ಬಳಸುತ್ತಿದ್ದದ್ದು ಕಾಗದದ ನೆಗೆಟಿವ್. ಒಂದು ಫೋಟೋಗೆ ನಿಮಿಷಗಟ್ಟಲೆ ಬೆಳಕು ಬಿಡಬೇಕಿತ್ತು. ನಡೆದು ಹೋಗುವವರು ಅದರಲ್ಲಿ ಬೀಳುತ್ತಲೇ ಇರಲಿಲ್ಲ. ಊರು ಬಿಕೋ ಅನ್ನುವ ಹಾಗೆ ಕಾಣುವುದಕ್ಕೆ ಅರ್ಧ ಕಾರಣ ಇದು. ಅಲ್ಲಿ ಜನವೇ ಇರಲಿಲ್ಲ ಅಂತ ಅಡಿಬರಹ ಬರೆಯಬೇಡಿ. ಎಲೆಗಳು ಹತ್ತಿಯ ಹಾಗೆ ಮಂಜುಮಂಜು. ಇನ್ನು, ಆಗಿನ ರಾಸಾಯನಿಕಕ್ಕೆ ನೀಲಿ ಬಣ್ಣ ಮಾತ್ರ ಚೆನ್ನಾಗಿ ತಾಗುತ್ತಿತ್ತು, ಕೆಂಪು ತಾಗುತ್ತಿರಲಿಲ್ಲ. ಹಾಗಾಗಿ ಆಕಾಶ ಖಾಲಿ ಬಿಳಿ, ಬಾದಾಮಿಯ ಕೆಂಪು ಬಂಡೆ ಕರ್ರಗೆ. ನಿಮ್ಮ ಹೊಸ ಫೋಟೋವನ್ನು ಕಪ್ಪು-ಬಿಳುಪು ಮಾಡಿ ಜೋಡಿಸುವುದಾದರೆ ಸುಮ್ನೆ ಬಣ್ಣ ತೆಗೆದರೆ ಹೊಂದುವುದಿಲ್ಲ. ಎಡಿಟಿಂಗ್‌ನಲ್ಲಿ ಕೆಂಪು, ಹಸಿರು ಚಾನೆಲ್‌ಗಳನ್ನು ಸೊನ್ನೆಗೆ ತಂದು ನೀಲಿ ಚಾನೆಲ್ ಮಾತ್ರ ಇಟ್ಟುಕೊಳ್ಳಿ. ಒಮ್ಮೆಲೇ ನಿಮ್ಮ ಫೋಟೋದ ಆಕಾಶ ಬೆಳ್ಳಗಾಗಿ, ಬಂಡೆ ಕಪ್ಪಾಗಿ, ಬಿಗ್ಸ್‌ನ ಪಕ್ಕದಲ್ಲಿ ಕೂರುವ ಹಾಗೆ ಆಗುತ್ತದೆ. ಈ ಒಂದು ಕೆಲಸಕ್ಕೆ ಬಹಳ ಜನ ಗಂಟೆಗಟ್ಟಲೆ ಒದ್ದಾಡುತ್ತಾರೆ. ಆದರೆ ಅಜ್ಜನ ಫೋಟೋಗೆ ಇದು ಬೇಡ. 1960ರ ಹೊತ್ತಿಗೆ ಕಪ್ಪು-ಬಿಳುಪು ಫಿಲ್ಮಿಗೂ ಎಲ್ಲ ಬಣ್ಣಗಳ ಬೆಳಕು ತಾಗುತ್ತಿತ್ತು.

ಕಾಗದದ ನೆಗೆಟಿವ್‌ನಲ್ಲಿ ಇನ್ನೊಂದು ಅಪಾಯ ಇದೆ. ಪ್ರಿಂಟ್ ಹಾಕುವಾಗಲೋ, ಇಂಟರ್ನೆಟ್‌ಗೆ ಏರಿಸುವಾಗಲೋ ಎಡ-ಬಲ ಅದಲುಬದಲಾಗಿರಬಹುದು. ತೋಪಿನ ಮೇಲಿನ ಬರಹ ಕಂಡರೆ ಅಕ್ಷರ ಉಲ್ಟಾ ಇದೆಯಾ ನೋಡಿ. ಅಕ್ಷರ ಇಲ್ಲದಿದ್ದರೆ ದಿಕ್ಕು ನೋಡಿ. ಇಬ್ರಾಹಿಂ ರೋಜಾದಲ್ಲಿ ಸಮಾಧಿ ಪೂರ್ವಕ್ಕೆ, ಮಸೀದಿ ಪಶ್ಚಿಮಕ್ಕೆ. ಉತ್ತರದ ಕಡೆ ಮುಖ ಮಾಡಿ ತೆಗೆದ ಫೋಟೋದಲ್ಲಿ ಮಸೀದಿ ಎಡಕ್ಕೇ ಇರಬೇಕು. ಅದು ಬಲಕ್ಕಿದ್ದರೆ ಒಂದೋ ತೆಗೆದವರು ದಕ್ಷಿಣಕ್ಕೆ ತಿರುಗಿದ್ದರು, ಇಲ್ಲವೇ ಫೋಟೋ ಉಲ್ಟಾ.

ಆ ಕಾಲದ ದೊಡ್ಡ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಲೆನ್ಸನ್ನು ಮಾತ್ರ ಮೇಲಕ್ಕೆ ಜಾರಿಸುವ ಸೌಕರ್ಯ ಇರುತ್ತಿತ್ತು. ಕ್ಯಾಮೆರಾ ನೆಟ್ಟಗೆ ನಿಂತಿದ್ದರೂ ಎತ್ತರದ ಗುಮ್ಮಟ ಪೂರ್ತಿ ಸಿಗುತ್ತಿತ್ತು, ಗೋಡೆಗಳು ಒಳಕ್ಕೆ ವಾಲುತ್ತಿರಲಿಲ್ಲ. ನಾವು ಮೊಬೈಲನ್ನು ಮೇಲಕ್ಕೆ ಬಾಗಿಸಿ ತೆಗೆಯುತ್ತೇವೆ, ಮಿನಾರುಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ. ಆದ್ದರಿಂದ ಮೊಬೈಲನ್ನು ನೆಟ್ಟಗೆ ಹಿಡಿದು, ಜಾಸ್ತಿ ಜಾಗ ಬರುವಂತೆ ತೆಗೆದು, ಕೆಳಗಿನ ನೆಲವನ್ನು ಆಮೇಲೆ ಕತ್ತರಿಸಿ.

ಬೆಳಕು. ನೆರಳು ಹೊಂದದಿದ್ದರೆ ಕಲ್ಲು ಎಷ್ಟು ಕೂಡಿದ್ದರೂ ಬೆಸುಗೆ ಕಾಣುತ್ತದೆ. ಶೇರ್ಜಾ ಬುರುಜು ಇರುವುದು ಊರಿನ ಪಶ್ಚಿಮ ಗೋಡೆಯಲ್ಲಿ. ಆ ಗೋಡೆಯ ಹೊರಮೈಗೆ ನೇರ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೇ. ಹೊರಮೈ ಬೆಳಗಿರುವ ಹಳೇ ಫೋಟೋ ಇದ್ದರೆ ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ. ತಿಂಗಳೂ ಲೆಕ್ಕಕ್ಕೆ ಬರುತ್ತದೆ. ವಿಜಯಪುರದಲ್ಲಿ ಮೇ ಆರಂಭದಿಂದ ಆಗಸ್ಟ್ ಆರಂಭದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಚಳಿಗಾಲದಲ್ಲಿ ಉತ್ತರದ ಗೋಡೆಗೆ ದಿನವಿಡೀ ನೆರಳು. ಅಜ್ಜನ ಮುಖದ ಮೇಲಿನ ನೆರಳು ಯಾವ ಕಡೆ, ಎಷ್ಟು ಉದ್ದ ಅಂತ ನೋಡಿ ಹೊತ್ತು ನಿರ್ಧರಿಸಿ. ಅಜ್ಜ ಹೋದದ್ದು ಯಾವ ತಿಂಗಳು ಅಂತ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಇನ್ನೂ ಒಳ್ಳೆಯದು. ಜಾತ್ರೆಗೆ ಹೋಗಿದ್ದರಾ, ಮದುವೆಗೆ ಹೋಗಿದ್ದರಾ ಅಂತ ಕೇಳಿದರೆ ಥಟ್ಟನೆ ಹೇಳುತ್ತಾರೆ. ತಿಂಗಳ ಆಯ್ಕೆ ನಿಮ್ಮ ಕೈಯಲ್ಲೇ ಇದ್ದರೆ ಫೆಬ್ರುವರಿ ಚೆನ್ನ. ಮಳೆಗಾಲ ಕಳೆದ ಹೊಸದರಲ್ಲಿ ಗೋಡೆ ಮೇಲೆಲ್ಲ ಹುಲ್ಲು, ಜಾಲಿ ಬೆಳೆದು ಕಲ್ಲಿನ ಸಂದಿ ಕಾಣುವುದಿಲ್ಲ. ಏಪ್ರಿಲ್ ಆದರೆ ನೀವೇ ಬಾಡುತ್ತೀರಿ.

ಹೋದಾಗ ಫೋಟೋ ತೆಗೆದು ಓಡಿಬರಬೇಡಿ. ಯುದ್ಧಭೂಮಿ ನೋಡಲು ಹೋಗುತ್ತೇನೆ ಅಂತ ಬರೆದಿದ್ದೀರಿ, ಹಾಗಿದ್ದರೆ ಕೋಟೆಯನ್ನು ಕಾಯುವವರ ಕಣ್ಣಿನಿಂದಲೂ, ಮುತ್ತಿದವರ ಕಣ್ಣಿನಿಂದಲೂ ನೋಡಬೇಕು. ಮೊದಲು ಉಪಲಿ ಬುರುಜು ಹತ್ತಿ. 1580ರ ದಶಕದಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, ಹೊರಮೈಗೇ ಸುತ್ತಿಕೊಂಡು ಹೋಗುವ ಮೆಟ್ಟಿಲು, 80 ಅಡಿಯ ಎತ್ತರ. ಮೇಲೆ 30 ಅಡಿಗಿಂತ ಉದ್ದದ ತೋಪು ಮಲಗಿದೆ. ಅಲ್ಲಿಂದ ಪೂರ್ವಕ್ಕೆ ಗೋಳಗುಮ್ಮಟ, ಪಶ್ಚಿಮಕ್ಕೆ ಗೋಡೆಯಾಚೆ ಇಬ್ರಾಹಿಂ ರೋಜಾ, ಸುತ್ತ ಹತ್ತು ಕಿಲೋಮೀಟರ್ ಹರಡಿದ ಕೋಟೆ ಗೋಡೆಯ ತುಂಡುಗಳು. ಇಷ್ಟು ಉದ್ದದ ಗೋಡೆ ಕಾಯುವುದಕ್ಕೆ ಎಷ್ಟು ಜನ ಬೇಕು, ಅವರಿಗೆ ಎಷ್ಟು ಜೋಳ ಬೇಕು ಅಂತ ಅಲ್ಲಿ ನಿಂತಾಗ ಹೊಳೆಯುತ್ತದೆ. 1685ರ ವಸಂತದಲ್ಲಿ ಮೊಘಲರು ಮುತ್ತಿದರು. ಒಂದು ವರ್ಷ ದಾಟಿದರೂ ಗೋಡೆ ಬಗ್ಗಲಿಲ್ಲ. ಹೊರಗೂ ಒಳಗೂ ಹಸಿವು. ಕೊನೆಗೆ ಔರಂಗಜೇಬ ತಾನೇ ಬಂದ. 1686ರ ಸೆಪ್ಟೆಂಬರ್‌ನಲ್ಲಿ ಹದಿಹರೆಯದ ಸಿಕಂದರ್ ಆದಿಲ್ ಶಾಹ ಶರಣಾದ. ಗೆದ್ದವನು ಒಳಗೆ ಬಂದ ಮಂಗೋಳಿ ಅಗಸಿಗೆ ಫತೇ ದರವಾಜಾ ಅಂತ ಹೆಸರಾಯಿತು. ಬುರುಜಿನಿಂದ ಇಳಿದು, ಆಟೋ ಹಿಡಿದಾದರೂ ಗೋಡೆಯ ಹೊರಗಿನಿಂದ ಒಂದು ಸುತ್ತು ಬನ್ನಿ. ಕಂದಕ ಎಲ್ಲಿ ಉಳಿದಿದೆ, ಎಲ್ಲಿ ಮುಚ್ಚಿ ಮನೆ ಎದ್ದಿವೆ ಅಂತ ಕಾಣುತ್ತದೆ. ಹಳೇ-ಹೊಸ ಫೋಟೋ ಬೆರೆಸುವುದಕ್ಕೆ ತೋಪಿಗಿಂತ ಈ ಅಂಚುಗಳೇ ಒಳ್ಳೆಯ ವಿಷಯ ಅನ್ನುವುದು ನನ್ನ ಅಭಿಪ್ರಾಯ. ಬದಲಾಗಿರುವುದು ಅಲ್ಲಿ.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಿಗ್ಸ್‌ನ ಫೋಟೋದಲ್ಲಿ ಕಾಣುವ ಹಾಳು ಗೋಡೆ 1686ರದ್ದಲ್ಲ. ಯುದ್ಧ ಮುಗಿದು 169 ವರ್ಷ ಆದ ಮೇಲಿನದ್ದು. ನಡುವೆ ಮರಾಠರ ಆಳ್ವಿಕೆ ಬಂದು ಹೋಗಿತ್ತು, ಮಳೆ-ಬಿಸಿಲು ಬಂದು ಹೋಗಿತ್ತು, ಕಟ್ಟಡಗಳ ಕಲ್ಲು-ಮರ ಎಷ್ಟೋ ಕಡೆ ಸಾಗಿ ಹೋಗಿತ್ತು. ಅದನ್ನು ಇವತ್ತಿನ ಫೋಟೋಗೆ ಬೆರೆಸಿ ‘ಔರಂಗಜೇಬನ ದಾಳಿಯ ಗುರುತು’ ಅಂತ ಹಂಚಿಕೊಂಡರೆ ಸುಳ್ಳು ಹೇಳಿದಂತೆ. ಅಡಿಬರಹದಲ್ಲಿ ಎರಡು ಇಸವಿ ಇರಲೇಬೇಕು: ಹಳೆಯದು ತೆಗೆದ ವರ್ಷ, ಹೊಸದು ತೆಗೆದ ವರ್ಷ. ಯುದ್ಧದ ವರ್ಷ ಬೇಕಿದ್ದರೆ ಮೂರನೆಯದಾಗಿ, ಬೇರೆಯಾಗಿ ಬರೆಯಿರಿ. ಹೊಗೆ, ಬೆಂಕಿ, ಕುದುರೆ ಸವಾರರನ್ನು ಸೇರಿಸುವ ಎಐ ಆಪ್‌ಗಳು ಈಗ ಬೇಕಾದಷ್ಟಿವೆ. ದಯವಿಟ್ಟು ಬೇಡ. ಅಜ್ಜನ ಮುಖ ‘ಚಂದ’ ಮಾಡಿಕೊಡುವ ಆಪ್‌ಗಳೂ ಅಷ್ಟೇ. ಮಸುಕಾದ ಕಣ್ಣಿನ ಜಾಗಕ್ಕೆ ಯಾರದೋ ಕಣ್ಣು ಕೂರಿಸುತ್ತವೆ. ಮನೆಯವರು ನೋಡಿ ಇದು ನಮ್ಮ ಅಜ್ಜನೇನಾ ಅಂತ ಕೇಳುತ್ತಾರೆ.

ಕಿತ್ತೂರಿನ ವಿಷಯಕ್ಕೆ ಬಂದರೆ ಉತ್ತರ ಚಿಕ್ಕದು. ಕಿತ್ತೂರಿನ ಕದನ ನಡೆದದ್ದು 1824ರ ಅಕ್ಟೋಬರ್ 23ಕ್ಕೆ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಕೋಟೆಯ ಬಾಗಿಲು ತೆರೆದು ಕಿತ್ತೂರಿನವರು ನುಗ್ಗಿದ್ದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಇದ್ಯಾವುದರ ಫೋಟೋನೂ ಇರಲು ಸಾಧ್ಯವಿಲ್ಲ. ಅದೇ ಡಿಸೆಂಬರ್‌ನಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ‘ಕಿತ್ತೂರು ಯುದ್ಧದ ಅಪರೂಪದ ಫೋಟೋ’ ಅಂತ ವಾಟ್ಸಾಪ್‌ನಲ್ಲಿ ಬಂದರೆ ಕಣ್ಣು ಮುಚ್ಚಿ ಅಳಿಸಿ. ಅಲ್ಲಿ ಮಾಡಬಹುದಾದದ್ದು ಬೇರೆ ಇದೆ. ಅರಮನೆಯ ಅವಶೇಷಗಳ ನಡುವೆ ನಿಮ್ಮ ಸುತ್ತಲಿನ ಊರಿನವರು ಶಾಲೆಯ ಪ್ರವಾಸದಲ್ಲೋ, ಉತ್ಸವದಲ್ಲೋ ನಿಂತು ತೆಗೆಸಿಕೊಂಡ ಫೋಟೋಗಳು ಎಷ್ಟೋ ಮನೆಗಳಲ್ಲಿ ಇರುತ್ತವೆ. ಅವುಗಳನ್ನು ಕೂಡಿಸಿ. ಇನ್ನೂ ಹತ್ತಿರದ್ದು ನಿಮ್ಮ ಬೈಲಹೊಂಗಲವೇ. ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ಅಲ್ಲೇ, ಸಮಾಧಿಯೂ ಅಲ್ಲೇ. ಸಮಾಧಿಯ ಮುಂದೆ ನಿಂತ ಹಳೇ ಫೋಟೋಗಳನ್ನು ಓಣಿಯಲ್ಲಿ ಕೇಳಿ ನೋಡಿ. ಮನೆಯ ಹತ್ತಿರವೇ ಅಭ್ಯಾಸವೂ ಆಗುತ್ತದೆ, ಜಾಗ ತಪ್ಪಿದರೆ ಸಂಜೆ ಮತ್ತೆ ಹೋಗಬಹುದು.

ತಾಳಿಕೋಟೆ ಇನ್ನೂ ಕಷ್ಟ. 1565ರ ಜನವರಿಯ ಆ ಕದನ ತಾಳಿಕೋಟೆ ಊರಿನಲ್ಲಿ ಆಗಲಿಲ್ಲ. ಕೃಷ್ಣೆಯ ದಡದ ರಕ್ಕಸಗಿ, ತಂಗಡಗಿಗಳ ಹೆಸರು ಹೇಳುತ್ತಾರೆ, ನಿಖರವಾದ ಜಾಗದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ ಹೋದರೆ ಸಿಗುವುದು ನೀಲಮ್ಮನ ಗುಡಿ, ಎರೆ ಹೊಲ, ಹೊಳೆ. ಆ ಹೊಳೆಯ ದಂಡೆಯೂ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಿಂದ ಬದಲಾಗಿದೆ. ಹೊಂದಿಸಲು ಒಂದು ಕಲ್ಲೂ ಸಿಗದ ಬಯಲಿನಲ್ಲಿ ಫೋಟೋ ಬೆರೆಸುವ ಕೆಲಸಕ್ಕೆ ಅರ್ಥವಿಲ್ಲ. ಹೋಗಿ, ನೋಡಿ, ನದಿ ದಾಟುವ ಜಾಗಕ್ಕಾಗಿ ಎರಡು ಸೈನ್ಯಗಳು ಏಕೆ ಅಷ್ಟು ಒದ್ದಾಡಿದವು ಅಂತ ಯೋಚಿಸಿ ಬನ್ನಿ.

ಅದರ ಬದಲು ಬಾದಾಮಿಗೆ ಹೋಗಿ ಅಂತ ನಾನು ಹೇಳುತ್ತೇನೆ. ಯುದ್ಧಕ್ಕೆ ಅಲ್ಲಿ ಬರವಿಲ್ಲ. 642ರಲ್ಲಿ ಪಲ್ಲವರ ನರಸಿಂಹವರ್ಮ ಗೆದ್ದು, ತೆಗ್ಗಿನ ಈರಪ್ಪನ ಗುಡಿಯ ಹತ್ತಿರದ ಬಂಡೆಯ ಮೇಲೆ ಶಾಸನ ಬರೆಸಿದ. 1786ರಲ್ಲಿ ಮರಾಠರು ಮತ್ತು ನಿಜಾಮನ ಸೈನ್ಯ ಟಿಪ್ಪುವಿನ ಕೈಯಿಂದ ಕೋಟೆ ಕಸಿದವು. 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಮನ್ರೋ ಬಂದ. ಫೋಟೋದ ದೃಷ್ಟಿಯಿಂದಂತೂ ಇಂಥ ಜಾಗ ಇನ್ನೊಂದಿಲ್ಲ. ಬಂಡೆಯ ಬಿರುಕುಗಳು ನೂರೈವತ್ತು ವರ್ಷಕ್ಕೆ ಬದಲಾಗುವುದಿಲ್ಲ. ಕೆರೆಯಂಚಿನ ಭೂತನಾಥ ಗುಡಿಯ ಶಿಖರ ಹಿಂದಿನ ಬಂಡೆಯ ಯಾವ ಬಿರುಕಿಗೆ ಸೇರುತ್ತದೆ ಅಂತ ನೋಡಿದರೆ ಬಿಗ್ಸ್ ನಿಂತ ಜಾಗಕ್ಕೆ ಅಂಗೈ ಅಗಲದಷ್ಟು ಹತ್ತಿರ ಹೋಗಬಹುದು. ಕೋತಿಗಳಿವೆ, ಮೊಬೈಲ್ ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾಗದದ ಪ್ರಿಂಟು ಕಂಡರೆ ತಿಂಡಿ ಅಂದುಕೊಂಡು ಕಿತ್ತುಕೊಳ್ಳುತ್ತವೆ.

ಇನ್ನು ಬೆರೆಸುವುದು. ಲೇಯರ್ (ಒಂದರ ಮೇಲೊಂದು ಇಡುವ ಪದರ) ಮತ್ತು ಮಾಸ್ಕ್ (ಪದರದ ಬೇಡದ ಭಾಗ ಮರೆಮಾಡುವ ಸೌಕರ್ಯ) ಇರುವ ಯಾವ ಸಾಫ್ಟ್‌ವೇರಾದರೂ ಸರಿ, ಉಚಿತವಾದ ಗಿಂಪ್ ಸಾಕು. ಹಳೆಯದನ್ನು ಮೇಲಿನ ಲೇಯರ್‌ನಲ್ಲಿ ಅರ್ಧ ಪಾರದರ್ಶಕ ಮಾಡಿ, ಸರಿಸಿ, ತಿರುಗಿಸಿ, ಹಿಗ್ಗಿಸಿ ಕೂಡಿಸಿ. ಇಷ್ಟರಲ್ಲೇ ಕೂಡಬೇಕು. ಮೂಲೆ ಹಿಡಿದು ಎಳೆಯಬೇಕಾಗಿ ಬಂದರೆ ನಿಂತ ಜಾಗ ತಪ್ಪಿದೆ. ಬೆಸುಗೆಯ ಗೆರೆಯನ್ನು ಆಕಾಶದ ನಡುವೆ ತರಬೇಡಿ, ಗೋಡೆಯ ಮೂಲೆ ಅಥವಾ ಬುರುಜಿನ ಅಂಚಿನ ಗುಂಟ ಒಯ್ಯಿರಿ. ಅಜ್ಜನ ಜೊತೆಗೆ ಅವರ ಕಾಲ ಕೆಳಗಿನ ನೆಲ, ಅವರ ನೆರಳನ್ನೂ ತನ್ನಿ. ಬರೀ ಆಕೃತಿ ಕತ್ತರಿಸಿ ಅಂಟಿಸಿದರೆ ಜಾತ್ರೆಯ ಸ್ಟುಡಿಯೋ ಫೋಟೋ ಆಗುತ್ತದೆ. ಅಜ್ಜನನ್ನು ಕಪ್ಪು-ಬಿಳುಪಿನಲ್ಲೇ ಬಿಡಿ, ಬಣ್ಣ ಹಚ್ಚಬೇಡಿ. ಯಾವುದು ಹಳೆಯದು ಅನ್ನುವುದು ನೋಡಿದ ಕೂಡಲೇ ತಿಳಿಯಬೇಕು.

ಭಾನುವಾರದ ಜಂಗುಳಿಯಲ್ಲಿ ಹೋಗಬೇಕಾಗಿ ಬಂದರೆ ಮೊಬೈಲನ್ನು ಅಲುಗದಂತೆ ಚೀಲದ ಮೇಲೆ ಊರಿ, ಅರ್ಧ ನಿಮಿಷಕ್ಕೊಂದರಂತೆ ಹದಿನೈದು ಫೋಟೋ ತೆಗೆಯಿರಿ. ಆಮೇಲೆ ‘ಮೀಡಿಯನ್’ ವಿಧಾನದಲ್ಲಿ (ಪ್ರತಿ ಚುಕ್ಕೆಗೂ ಹದಿನೈದರಲ್ಲಿ ನಡುವಿನ ಬೆಲೆಯನ್ನೇ ಆರಿಸುವುದು) ಸೇರಿಸಿದರೆ ಓಡಾಡುವ ಜನ ಮಾಯವಾಗುತ್ತಾರೆ. ವಿಜಯಪುರ, ಬಾದಾಮಿಯ ಸ್ಮಾರಕಗಳು ಕೇಂದ್ರ ಪುರಾತತ್ವ ಇಲಾಖೆಯವು. ಕೈಯಲ್ಲಿ ಹಿಡಿದು ಫೋಟೋ ತೆಗೆಯಲು ಅಡ್ಡಿಯಿಲ್ಲ, ಟ್ರೈಪಾಡ್ ಮತ್ತು ಡ್ರೋನ್‌ಗೆ ಮೊದಲೇ ಅನುಮತಿ ಬೇಕು. ಧಾರವಾಡದ ವಲಯ ಕಚೇರಿಗೆ ಬರೆದು ಕೇಳಿ. ತೋಪಿನ ಮೇಲೆ ಹತ್ತುವುದು, ಗೋಡೆಗೆ ಸೀಮೆಸುಣ್ಣದ ಗುರುತು ಹಾಕುವುದು ಬೇಡ. ಮುಂದೆ ಬೆಳಗಾವಿ ಕೋಟೆಗೂ ಇದೇ ಪ್ರಯೋಗ ಮಾಡುವ ಮನಸ್ಸಾದರೆ, 1818ರಲ್ಲಿ ಮನ್ರೋ ಮುತ್ತಿಗೆ ಹಾಕಿದ ಆ ಗೋಡೆ, ಕಂದಕ ಈಗಲೂ ಚೆನ್ನಾಗಿವೆ. ಆದರೆ ಸುತ್ತಮುತ್ತ ಸೈನ್ಯದ ಜಾಗಗಳಿವೆ. ಕ್ಯಾಮೆರಾ ತೆಗೆಯುವ ಮೊದಲು ಕಾವಲಿನವರನ್ನು ಕೇಳಿ, ಬೇಡ ಅಂದರೆ ಕಮಲ ಬಸದಿ ನೋಡಿಕೊಂಡು ಬನ್ನಿ.